ಗಾಲಿ ಸುತ್ತಿನ ಲೆಕ್ಕದಾಗ ಐದು ದಿನ: ಹುಬ್ಬಳ್ಳಿ, ಗದಗ, ಮಾಗಡಿ ಕೆರಿ, ಸವಣೂರ

ಮೊದಲ್ನೇ ದಿನ

ಬೆಳಿಗ್ಗೆ ಐದೂವರಿಗೆ ಹೊಂಟ್ವಿ, ನಾನು ಮತ್ತ ನಮ್ಮ ಅಕ್ಕನ ಮಗಾ. ನಂದು ನಮ್ಮಪ್ಪ ದಿನಾ ನೌಕರಿಗೆ ಹೋಗ್ತಿದ್ದ ಕರೇ ಸೈಕಲ್ಲು, ಇಪ್ಪತ್ತೆಂಟು ಇಂಚಿನ ಗಾಲಿ, ಗೇರಿಲ್ಲ, ಆದ್ರ ಕ್ಯಾರಿಯರ್ ಒಂದು ಚೀಲ ಜ್ವಾಳ ಹೊರೋಷ್ಟು ಗಟ್ಟಿ ಐತಿ. ಅಳಿಯಂದು ಗೇರ್ ಸೈಕಲ್ಲು. ಅವಂದು ಡಿಪ್ಲೊಮಾ ಪರೀಕ್ಷಾ ಮುಗಿದಿತ್ತು, ನನಗೂ ಐದು ದಿನ ರಜಾ ಸಿಕ್ಕಿತ್ತು, ಮುಂದ ಎಳ್ಳಮವಾಸಿ, ಹೊಲದಾಗ ಜ್ವಾಳ ಕಡ್ಲಿ ಕುಸುಬಿ ನಿಂತಿರ್ತಾವ, ಇದಕ್ಕಿಂತ ಚಲೋ ಟೈಮ್ ಮತ್ತ ಯಾವಾಗ ಸಿಗಬೇಕು ಅಂತ ಇಬ್ರೂ ಬ್ಯಾಗ್ ಕಟ್ಟಿದ್ವಿ.

ಗದಗ ರೋಡಿಗೆ ಹತ್ತಿದ ಕೂಡ್ಲೇ ಅಳಿಯ ನಿಂತು ಕಿಸೇದಾಗಿಂದ ಸೀಮೆಸುಣ್ಣ ತಗದು ನನ್ನ ಮುಂದಿನ ಟೈರಿಗೆ ಒಂದು ಗೆರಿ ಎಳದ. "ಮಾಮಾ, ನಿನ್ನ ಗಾಲಿ ಒಂದು ಸುತ್ತು ತಿರಗಿದ್ರ ಹತ್ರಹತ್ರ 2.2 ಮೀಟರ್. ಇನ್ನ ಮ್ಯಾಲೆ ಏನ್ ಕಂಡ್ರೂ ಇದ್ರಾಗ ಅಳಿಯೋಣು" ಅಂದ. ಬಾಜೂಕ ರೈಲ್ವೆ ಹಳಿ ಇತ್ತಲ್ಲ, ಮೊದಲ ಲೆಕ್ಕ ಅಲ್ಲೇ ಸುರು ಆತು. ನಮ್ಮ ಸಿದ್ಧಾರೂಢ ಸ್ವಾಮೀಜಿ ಸ್ಟೇಶನ್ನಿನ ಪ್ಲಾಟ್‌ಫಾರಂ 1507 ಮೀಟರ್, 2023ರ ಮಾರ್ಚ್‌ನಾಗ ಉದ್ಘಾಟನೆ ಆದಾಗಿಂದ ಜಗತ್ತಿನಾಗ ಅದಕ್ಕಿಂತ ಉದ್ದಂದು ಇಲ್ಲ, ಅದಕ್ಕ ಮೊದಲ ಗೋರಖಪುರದ್ದಿತ್ತು 1366 ಮೀಟರ್. ಹಂಗಾರ ನನ್ನ ಗಾಲಿಗೆ ಆರುನೂರಾ ಎಂಬತ್ತೈದು ಸುತ್ತು. ಪ್ಲಾಟ್‌ಫಾರಂ ಮ್ಯಾಲೆ ಸೈಕಲ್ ಬಿಡಂಗಿಲ್ಲ, ಅದಕ್ಕ ರೋಡಿನ ಮ್ಯಾಲೇ ಗೆರಿ ನೋಡ್ಕೋತ ಎಣಿಸಿದ್ವಿ. ಮುಗಿಯಾಕ ಒಲ್ದು ಅದು! ಎಷ್ಟೋ ಸಲ ಆ ಸ್ಟೇಶನ್ನಿನಾಗ ಗಾಡಿ ಹತ್ತೀನಿ ಇಳದೀನಿ, ಅದು ಇಷ್ಟು ಉದ್ದ ಐತಿ ಅನ್ನೋದು ಮೈಗೆ ತಿಳದಿದ್ದು ಅವತ್ತ.

ಡಿಸೆಂಬರ್ ಮೂಡಗಾಳಿ ಎದುರಿಗೇ ಬಡಿತಿತ್ತು, ಗದಗಿನ ಕಡೆ ಹೋಗೋರಿಗೆ ಅದು ತಪ್ಪಿದ್ದಲ್ಲ. ನಲವಡಿ ದಾಟಿ ಸ್ವಲ್ಪ ಮುಂದ ಹೋಗೋದ್ರಾಗ ರಸ್ತೆ ಬಾಜೂಕ ಏನೋ ಬೆಳ್ಳಗ ಮಲಗಿತ್ತು, ದೂರಿಂದ ನಾನು ಯಾವ್ದೋ ಫ್ಯಾಕ್ಟರಿ ಗೋಡಿ ಅನ್ಕೊಂಡೆ, ಹತ್ರ ಹೋದ್ರ ಗಾಳಿಯಂತ್ರದ ಒಂದು ರೆಕ್ಕಿ. ಒಂದ ಒಂದು ರೆಕ್ಕಿ, ಅದಕ್ಕೊಂದು ಲಾರಿ. ಲಾರಿಯವ್ರು ಉತ್ತರದ ಕಡೇವ್ರು, ರೆಕ್ಕಿ ನೆರಳಿಗೆ ಸ್ಟೋವ್ ಹಚ್ಚಿ ಆಲೂಗಡ್ಡಿ ಬೇಯಿಸಾಕತ್ತಿದ್ರು. ಕೇಳಿ ಸೈಕಲ್ ತಳ್ಳಿದ್ವಿ, ತುದಿಯಿಂದ ತುದಿಗೆ ಇಪ್ಪತ್ತೊಂಬತ್ತು ಸುತ್ತು, ಅಂದ್ರ ಅರವತ್ನಾಲ್ಕು ಮೀಟರ್ ಸನೇಕ. ಭಾಳ ಅಚ್ಚರಿ ಆಗಿದ್ದು ಹಿಂದಿನ ಮನಷ್ಯಾನ್ನ ನೋಡಿ. ಹಿಂದಿನ ಗಾಲಿಗಳಿಗೆ ಬ್ಯಾರೇನ ಸ್ಟೇರಿಂಗ್ ಇರ್ತೈತಿ, ತಿರುವು ಬಂದ್ರ ಮುಂದಿನ ಡ್ರೈವರ್ ಒಂದು ಕಡೆ ತಿರಗಸ್ತಾನ, ಇವಾ ಹಿಂದಿನ ಗಾಲಿ ಬ್ಯಾರೆ ಕಡೆ ತಿರಗಿಸಿ ಬಾಲಾ ರಸ್ತೆ ಬಿಡದಂಗ ನೋಡ್ಕೋತಾನ. ಇಬ್ಬರಿಗೂ ಒಬ್ಬರಿಗೊಬ್ಬರು ಕಾಣಂಗಿಲ್ಲ, ವಾಕಿಟಾಕಿ ಮ್ಯಾಲೆ ಮಾತು. ಗುಜರಾತಿನಿಂದ ಹಿಂಗ ಬಂದೀವಿ ಅಂದ್ರು. ಅಳಿಯ ಅರ್ಧಾ ತಾಸು ಅವರನ್ನ ಬಿಡಲಿಲ್ಲ, ನಾನೂ ಅವಸರಾ ಮಾಡಲಿಲ್ಲ.

ಅಣ್ಣಿಗೇರಿಯೊಳಗ ಅಮೃತೇಶ್ವರ ಗುಡಿ ನೋಡಿದ್ವಿ, ಕಲ್ಯಾಣ ಚಾಲುಕ್ಯರ ಕಾಲದ್ದು, ಕಂಬದ ಸಾಲಿನಾಗ ನಿಂತ್ರ ಹೊರಗಿನ ಬಿಸಲು ನೆನಪಾಗಂಗಿಲ್ಲ. ಆದಿಕವಿ ಪಂಪನ ಊರು ಅಂತ ಅಣ್ಣಿಗೇರಿ ಎಲ್ಲಾರಿಗೂ ಗೊತ್ತು. ಆದ್ರ ನಾನು ಅಳಿಯಗ ತೋರಿಸಬೇಕು ಅನ್ಕೊಂಡಿದ್ದು ಬ್ಯಾರೆ ಜಾಗಾ. 2010ರ ಆಗಸ್ಟ್‌ನಾಗ ಗಟಾರ ತೋಡಬೇಕಾರ ಅಲ್ಲಿ ಮನಷ್ಯಾರ ತಲಿಬುರುಡಿ ಸಿಕ್ಕಿದ್ವು, ಒಂದಲ್ಲ ಎರಡಲ್ಲ ನೂರಾರು, ಅದೂ ಸಾಲಾಗಿ ಜೋಡಿಸಿಟ್ಟಂಗ. ಮೊದಲ 1790ರ ಕಾಲದ ಡೋಗಿ ಬರದಾಗ ಸತ್ತವರವು ಇರಬೇಕು ಅಂದ್ರು, ಆಮ್ಯಾಲೆ ಕಾರ್ಬನ್ ಪರೀಕ್ಷಾ ಮಾಡಿದ್ರ ಅದಕ್ಕಿಂತ ಭಾಳ ಹಿಂದಿನವು, ಆರುನೂರು ವರ್ಷದ ಆಸುಪಾಸು ಅಂತ ಬಂತು. ಯಾರು ಅವ್ರು, ಯಾರು ಹಂಗ ಜೋಡಿಸಿದ್ರು, ಬರೇ ತಲಿ ಯಾಕ. ಚಾದಂಗಡಿ ಕಟ್ಟಿ ಮ್ಯಾಲೆ ಕುಂತಿದ್ದ ಒಬ್ಬ ಅಜ್ಜಾರು ಕೈ ಮಾಡಿ ದಾರಿ ತೋರ್ಸಿ "ಅವತ್ತ ಊರಾಗ ಯಾರ ಮನ್ಯಾಗೂ ಸರಿಯಾಗಿ ಒಲಿ ಹತ್ತಲಿಲ್ರಿ" ಅಂದ್ರು. ನಮ್ಮ ಅಳಿಯ ಅಲ್ಲಿ ಏನೂ ಅಳಿಯಾಕ ಹೋಗಲಿಲ್ಲ. ಸೈಕಲ್ ಹಿಡ್ಕೊಂಡು ಸುಮ್ಮನ ನಿಂತ, ನನಗೂ ಮಾತಾಡೋ ಮನಸಾಗಲಿಲ್ಲ.

ಸಂಜಿಕೆ ಗದಗ. ಬದನಿಕಾಯಿ ಭಜಿ ತಿಂದು, ವೀರನಾರಾಯಣ ಗುಡಿಯೊಳಗ ಕುಮಾರವ್ಯಾಸ ಒರಗಿ ಕುಂತು ಭಾರತ ಬರದ ಅನ್ನೋ ಕಂಬಕ್ಕ ಕೈ ಮುಗದು, ಎಂಟೂವರಿಗೆ ನಿದ್ದಿ.

ಎರಡನೇ ದಿನ

ಬ್ಯಾಗ್ ಲಾಡ್ಜಿನಾಗ ಬಿಟ್ಟು ಹಗೂರಾಗಿ ಲಕ್ಕುಂಡಿಗೆ ಹೊಂಟ್ವಿ, ಹನ್ನೆರಡು ಕಿಲೋಮೀಟರ್. ನೂರಾ ಒಂದು ಗುಡಿ ನೂರಾ ಒಂದು ಬಾವಿ ಅಂತ ಲಕ್ಕುಂಡಿ ಬಗ್ಗೆ ಹೇಳ್ತಾರಲ್ಲ, ಬಸ್ಸಿನಾಗ ಬಂದವರಿಗೆ ಬೋರ್ಡ್ ಇರೋ ನಾಲ್ಕೈದು ಗುಡಿ ಕಾಣ್ತಾವ. ಸೈಕಲ್ ಮ್ಯಾಲೆ ಓಣಿ ಓಣಿ ತಿರಗಿದ್ರ ಗೊತ್ತಾಗ್ತೈತಿ ಆ ಊರಿನ ಖರೇ ಸ್ವರೂಪ. ಒಂದು ಮನಿ ಹಿತ್ತಲಗೋಡಿಯೊಳಗ ಕೆತ್ತಿದ ಕಲ್ಲು, ಒಂದು ಕಡೆ ಹುಲ್ಲಿನ ಬಣವಿ ಹಿಂದ ಇಡೀ ಒಂದು ಗುಡಿಯ ಗೋಪುರ, ಇನ್ನೊಂದು ಕಡೆ ಎಮ್ಮಿ ಕಟ್ಟಿದ ಜಾಗದಾಗ ನೆಲದಿಂದ ಅರ್ಧ ಎದ್ದಿದ್ದ ಕಂಬ. ಎಮ್ಮಿ ಮೇಯಿಸೋ ತಾಯಿ "ನಮ್ಮೂರಾಗ ಹಾರಿ ಎತ್ತಿ ಎಲ್ಲಿ ಹೊಡದ್ರೂ ಕಲ್ಲ ಸಿಗತಾವು ನೋಡಪಾ" ಅಂದ್ಲು. ಚಾಲುಕ್ಯರ ಕಾಲದಾಗ ಇಲ್ಲಿ ಟಂಕಸಾಲಿ ಇತ್ತು, ಲೊಕ್ಕಿ ಗದ್ಯಾಣ ಅಂತ ಬಂಗಾರದ ನಾಣ್ಯ ಅಚ್ಚು ಹಾಕ್ತಿದ್ರು. ದಾನಚಿಂತಾಮಣಿ ಅತ್ತಿಮಬ್ಬೆ 1007ರಾಗ ಕಟ್ಟಿಸಿದ ಬ್ರಹ್ಮ ಜಿನಾಲಯ ಇನ್ನೂ ನಿಂತೈತಿ. ಪೊನ್ನನ ಶಾಂತಿಪುರಾಣ ಸಾವಿರ ಪ್ರತಿ ಬರೆಸಿ ಹಂಚಿದ ಹೆಣ್ಣುಮಗಳು ಆಕಿ, ಒಂದೊಂದು ಅಕ್ಷರಾನೂ ಕೈಲೇ ಬರೀಬೇಕಾಗಿದ್ದ ಕಾಲದಾಗ!

ಆದ್ರ ನನಗ ಉಸರು ನಿಂತಂಗಾಗಿದ್ದು ಮುಸುಕಿನ ಬಾವಿಯೊಳಗ. ಮಾಣಿಕೇಶ್ವರ ಗುಡಿಗೆ ಹತ್ತಿಕೊಂಡ ಐತಿ. ಮ್ಯಾಲೆ ಗುಡಿ, ಕೆಳಗ ನೀರು, ಮೂರು ಕಡೆಯಿಂದ ಮೆಟ್ಟಲು ಇಳಕೋತ ಹೋಗ್ತಾವ, ಮೆಟ್ಟಲಿನ ಗೋಡಿಯೊಳಗ ಸಣ್ಣ ಸಣ್ಣ ಗುಡಿ ಕೆತ್ಯಾರ, ಒಂದೊಂದಕ್ಕೂ ಶಿಖರ ಸುದ್ದಾ ಬಿಟ್ಟಿಲ್ಲ. ನೀರು ನಿಶ್ಚಲ ಇತ್ತು, ಅದರಾಗ ಆ ಗುಡಿಗಳೆಲ್ಲಾ ತಲಿಕೆಳಗಾಗಿ ಇನ್ನೂ ಆಳಕ್ಕ ಇಳದಂಗ ಕಾಣ್ತಿದ್ವು. ಒಂದು ಕೊಡ ನೀರು ತರಾಕ ಇಳಿಯೋ ದಾರಿಗೆ ಇಷ್ಟು ಮಾಡ್ಯಾರಲ್ಲ ಅಂತ ಅಳಿಯ ಮೂರು ಸಲ ಅಂದ.

ಅಲ್ಲಿಂದ ಡಂಬಳಕ್ಕ ಒಳದಾರಿ ಹಿಡದ್ವಿ. ಯಾರೋ ಬೋರಿನ ನೀರು ಹೊಲಕ್ಕ ಬಿಟ್ಟಿದ್ದು ಬಂಡಿದಾರಿ ತನಕ ಬಂದಿತ್ತು, ಎರಿ ಮಣ್ಣು ಹಸಿ ಆದ್ರ ಹೆಂಗಂತ ಈ ಕಡೇವ್ರಿಗೆ ಹೇಳಬೇಕಾಗಿಲ್ಲ, ಹತ್ತು ಮಾರು ಹೋಗೋದ್ರಾಗ ಗಾಲಿಗೆ ಮೆತ್ತಿ ಮಡಗಾರ್ಡ್ ತುಂಬಿ ಎರಡೂ ಸೈಕಲ್ ನಿಂತಲ್ಲೇ ನಿಂತ್ವು. ಜಾಲಿ ಕಟಿಗಿ ತಗೊಂಡು ಮಣ್ಣು ಕೆತ್ತಿ ತಗಿಯಾಕ ಕುಂತ್ವಿ. ಹಂಗ ಕುಂತಿದ್ದಕ್ಕ ಒಂದು ಚಂದದ ನೋಟ ಸಿಕ್ತು. ಕುರಿ ಹಿಂಡು ಬಂತು, ಸಾವಿರಕ್ಕ ಕಮ್ಮಿ ಇರಲಿಕ್ಕಿಲ್ಲ, ಹಿಂದ ಒಂದು ಗಿಡ್ಡ ಕುದರಿ, ಕುದರಿ ಮ್ಯಾಲೆ ಕಂಬಳಿ ಗಂಟು, ಭಾಂಡೆ, ಜಾಳಗಿ, ಜಾಳಗಿಯೊಳಗಿಂದ ಎರಡು ಮರಿ ಮೂತಿ ಹೊರಗ ಹಾಕಿ ನೋಡಾಕತ್ತಿದ್ವು, ಎಲ್ಲಾದ್ರ ಮ್ಯಾಲೆ ಒಂದು ಕೋಳಿ, ಕಾಲು ಕಟ್ಟಿರಲಿಲ್ಲ, ತನ್ನಷ್ಟಕ್ಕ ತಾನು ಕುಂತಿತ್ತು. ಮರಿ ನಿನ್ನೆ ರಾತ್ರಿ ಹುಟ್ಟಿದವಂತ, ನಡಿಯಾಕ ಬರಂಗಿಲ್ಲಂತ ಹೊರಿಸ್ಯಾರ. ಮುಂದಿನ ಊರಾಗ ಒಬ್ಬರ ಹೊಲದಾಗ ಕುರಿ ತರುಬಾಕ ಹೊಂಟಿದ್ರು, ಗೊಬ್ಬರಕ್ಕಾಗಿ. ಕೋಳಿ ಹಾರಿ ಹೋಗಂಗಿಲ್ಲೇನ್ರಿ ಅಂದ್ರ ಕುರಿಗಾರ "ಎಲ್ಲಿಗೆ ಹೋಗತೈತ್ರಿ, ಅದರ ಮನೀನ ಅದು" ಅಂದ.

ಡಂಬಳದ ದೊಡ್ಡಬಸಪ್ಪ ಗುಡಿ ಹೊರಗಿಂದ ಒಂದು ಸುತ್ತು ಹಾಕಿದ್ರ ತಿಳಿತೈತಿ, ಗೋಡಿ ಎಲ್ಲೂ ನೆಟ್ಟಗಿಲ್ಲ, ಮೂಲಿ ಮುಗದ್ರ ಮೂಲಿ, ಇಪ್ಪತ್ನಾಲ್ಕು ಮೂಲಿಯ ನಕ್ಷತ್ರದ ಲೆಕ್ಕದಾಗ ಗರ್ಭಗುಡಿ ಎಬ್ಬಿಸ್ಯಾರ. ನಾನು ಎಣಿಸಿದಾಗ ಒಮ್ಮೆ ಇಪ್ಪತ್ತು ಬಂತು, ಒಮ್ಮೆ ಹದಿನೆಂಟು, ಮಂಟಪಕ್ಕ ಹತ್ತಿಕೊಂಡ ಕಡೆ ಮೂಲಿ ಒಳಗ ಮುಚ್ಚಿ ಹೋಗ್ಯಾವ ಅಂತ ಅಳಿಯ ನೆಲದ ಮ್ಯಾಲೆ ಚಿತ್ರಾ ಬರದು ತೋರಿಸಿದ: ಒಂದು ಚೌಕ, ಅದನ್ನ ಹದಿನೈದು ಹದಿನೈದು ಡಿಗ್ರಿ ತಿರಗಿಸಿದ್ರ ಆರು ಚೌಕಕ್ಕ ಇಪ್ಪತ್ನಾಲ್ಕು ಮೂಲಿ. ಇದೇ ಡಂಬಳದಾಗ ಬೌದ್ಧರ ತಾರಾದೇವಿ ಗುಡಿ ಇತ್ತು ಅಂತ 1095ರ ಶಾಸನ ಹೇಳ್ತೈತಿ.

ವಾಪಸ್ ಗದಗಿಗೆ ಬರೋದ್ರಾಗ ಪೂರ್ತಿ ಕತ್ತಲಾಗಿತ್ತು, ಮರುದಿನ ಅಮವಾಸಿ, ಚಂದ್ರನ ಸುಳಿವಿಲ್ಲ. ಎಡಕ್ಕ ಕಪ್ಪತಗುಡ್ಡ. ಔಷಧಿ ಗಿಡಾ, ತೋಳ, ಕತ್ತೆಕಿರುಬ ಇರೋ ಗುಡ್ಡ, ಗಣಿಯವರ ಕೈಗೆ ಹೋಗಬಾರದು ಅಂತ ಜನಾ ವರ್ಷಗಟ್ಟಲೆ ಹೋರಾಡಿದ ಗುಡ್ಡ, 2019ರಾಗ ವನ್ಯಜೀವಿಧಾಮ ಆತು. ಗುಡ್ಡ ಕಾಣ್ತಿರಲಿಲ್ಲ. ಗಾಳಿಯಂತ್ರದ ನೆತ್ತಿ ಮ್ಯಾಲಿನ ಕೆಂಪು ದೀಪ ಅಷ್ಟ ಕಾಣ್ತಿದ್ವು, ಅವೂ ಎಲ್ಲಾ ಒಮ್ಮೆಲೇ ಹತ್ತಿ ಒಮ್ಮೆಲೇ ಆರ್ತಿದ್ವು, ಆಕಾಶದಾಗ ಒಂದು ಉದ್ದನೆ ಗೆರಿ ಕಣ್ಣು ಪಿಳುಕಿಸಿದಂಗ. ನಿನ್ನೆ ಕಂಡ ರೆಕ್ಕಿ ನೆನಪಾತು, ಅದೂ ಇನ್ನೊಂದು ವಾರದಾಗ ಇಂಥಾ ಯಾವ್ದೋ ದೀಪದ ಕೆಳಗ ತಿರಗಾಕತ್ತಿರ್ತೈತಿ.

ಮೂರನೇ ದಿನ, ಎಳ್ಳಮವಾಸಿ

ಈ ದಿನಾ ಬರಿಯಾಕ ಅಂತನ ಇಷ್ಟೆಲ್ಲಾ ಬರದೀನಿ ಅನ್ನಬೇಕು.

ಮಾಗಡಿ ಕೆರಿ ಗದಗಿನಿಂದ ಇಪ್ಪತ್ತಾರು ಕಿಲೋಮೀಟರ್, ಶಿರಹಟ್ಟಿ ತಾಲೂಕು. ನಸುಕಿನ್ಯಾಗ ನಾಲ್ಕಕ್ಕ ಬಿಟ್ಟು, ಹೊತ್ತು ಮೂಡೋ ಹೊತ್ತಿಗೆ ಏರಿ ಮ್ಯಾಲೆ ಇದ್ವಿ. ನೀರ ಮ್ಯಾಲೆ ಮಂಜು, ಹಕ್ಕಿ ಒಂದೂ ಇಲ್ಲ ಅನ್ನಬೇಕು. ಅಳಿಯನ ಮಾರಿ ಸಣ್ಣದಾತು. ಅಷ್ಟ್ರಾಗ ಹೊಲದ ಕಡೆಯಿಂದ ಸಪ್ಪಳ ಬಂತು, ದೂರದಾಗ ಜಾತ್ರಿ ನಡದಂಗ, ಭಾಳ ಮಂದಿ ಒಮ್ಮೆಲೇ ಮಾತಾಡಿದಂಗ. ಸಾಲು ಸಾಲು, ಬಾಣದ ತುದಿಯಂಗ, ಪಟ್ಟೆತಲೆ ಹೆಬ್ಬಾತು. ರಾತ್ರಿ ಇಡೀ ಶೇಂಗಾ ಕಡ್ಲಿ ಹೊಲದಾಗ ಮೇಯ್ದು ಬೆಳಕಾದ ಕೂಡ್ಲೇ ಕೆರಿಗೆ ಬರ್ತಾವ, ಹಗಲೆಲ್ಲಾ ನೀರಾಗ ನಿದ್ದಿ. ನಮ್ಮ ತಲಿ ಮ್ಯಾಲಿಂದ ಹೋಗುವಾಗ ರೆಕ್ಕಿ ಗಾಳಿ ಸಪ್ಪಳ ಸುದ್ದಾ ಕೇಳಿಸ್ತು. ಬಿಳಿ ತಲಿ ಹಿಂದ ಎರಡು ಕರೇ ಪಟ್ಟಿ, ಹಳದಿ ಕೊಕ್ಕು. ಮಂಗೋಲಿಯಾ ಟಿಬೆಟ್ ಕಡೆಯಿಂದ ಹಿಮಾಲಯ ದಾಟಿ ಬರ್ತಾವ, ಏಳು ಸಾವಿರ ಮೀಟರಿಗಿಂತ ಎತ್ತರದಾಗ ಹಾರಿದ್ದನ್ನ ವಿಜ್ಞಾನಿಗಳು ಯಂತ್ರ ಕಟ್ಟಿ ಅಳದಾರ. ಮಳಿ ನೀರು ಹಿಡಿಯಾಕ ಮಾಡಿದ ಒಂದು ನೀರಾವರಿ ಕೆರಿ, 2024ರಾಗ ರಾಮ್ಸಾರ್ ಪಟ್ಟಿಗೆ, ಅಂದ್ರ ಜಗತ್ತಿನ ಮಹತ್ವದ ಜೌಗು ಜಾಗಾಗಳ ಪಟ್ಟಿಗೆ ಸೇರೇತಿ. ಬೆಳಿ ತಿಂದ್ರೂ ಊರವ್ರು ಕಲ್ಲು ಎತ್ತಂಗಿಲ್ಲ. ಏರಿ ಮ್ಯಾಲೆ ಸಿಕ್ಕ ಒಬ್ಬ ರೈತರು "ಅವು ಅಷ್ಟ ದೂರಿಂದ ಬರತಾವ್ರಿ, ಉಪಾಸ ಕಳಸಾಕ ಬರತೈತೇನು" ಅಂದ್ರು. ಒಂಬತ್ತು ಗಂಟೆ ತನಕ ಅಲ್ಲೇ ಇದ್ವಿ.

ಲಕ್ಷ್ಮೇಶ್ವರದ ದಾರಿಯೊಳಗ ನನ್ನ ಹಿಂದಿನ ಗಾಲಿ ಕುಂತು ಬಿಟ್ಟಿತು. ಬಳ್ಳಾರಿ ಜಾಲಿ ಮುಳ್ಳು, ಬೆರಳುದ್ದ, ಟೈರ್ ದಾಟಿ ಟ್ಯೂಬಿಗೆ ಎರಡು ತೂತು. ಪ್ಯಾಚ್ ಇದ್ವು, ಸೊಲ್ಯೂಷನ್ ಟ್ಯೂಬು ಒಣಗಿ ಕಲ್ಲಾಗಿತ್ತು. ತಳ್ಕೊಂಡು ಮುಂದಿನ ಊರಿಗೆ ಹೋದ್ರ ಪಂಚರ್ ಅಂಗಡಿ ಬಂದ್, ಕಿರಾಣಿ ಬಂದ್, ಇಡೀ ಊರಿಗೆ ಊರ ಬಂದ್, ಓಣ್ಯಾಗ ನಾಯಿ ಬಿಟ್ರ ಯಾರಿಲ್ಲ. ಎಲ್ಲಾರೂ ಹೊಲಕ್ಕ ಹೋಗ್ಯಾರ. ರಸ್ತೆಗೆ ಬಂದ್ರ ಸಾಲಾಗಿ ಚಕ್ಕಡಿ, ಟ್ರ್ಯಾಕ್ಟರ್, ಎತ್ತಿನ ಕೋಡಿಗೆ ಬಣ್ಣ, ಕೊರಳಿಗೆ ಗೆಜ್ಜಿ, ಹೆಣ್ಣುಮಕ್ಕಳು ಬುತ್ತಿ ಬುಟ್ಟಿ ತೊಡಿ ಮ್ಯಾಲೆ ಇಟ್ಕೊಂಡು ಕುಂತಾರ. ಒಂದು ಚಕ್ಕಡಿ ನಿಂತ್ತು. "ಯಾಕ ತಮ್ಮಾ, ಗಾಲಿ ಹೋತೇನು? ಹಬ್ಬದ ದಿನಾ ಯಾರ ಸಿಗತಾರ, ಹತ್ತ್ರಿ ಹತ್ತ್ರಿ" ಅಂತ ಒಬ್ಬ ಹಿರೇ ತಾಯಿ. ಯಾರು, ಯಾವೂರು, ಯಾವ ಪೈಕಿ, ಒಂದೂ ಕೇಳಲಿಲ್ಲ. ಸೈಕಲ್ ಚಕ್ಕಡ್ಯಾಗ, ನಾವೂ ಚಕ್ಕಡ್ಯಾಗ.

ಹೊಲದಾಗ ಬನ್ನಿಗಿಡದ ಬುಡಕ ಐದು ಕಲ್ಲು ತೊಳದು ಸುಣ್ಣ ಹಚ್ಚಿ ಪಾಂಡವರು ಅಂತ ಇಟ್ಟು ಪೂಜಿ ಮಾಡಿದ್ರು. ಆಮ್ಯಾಲೆ ಮನೀ ಯಜಮಾನ್ರು ಎಡಿ ಕಲಸಿ ಬುಟ್ಟಿ ಹಿಡದು ಹೊಲದ ಸುತ್ತ ಚರಗ ಚೆಲ್ಲಾಕ ಹೊಂಟ್ರು, ಹಿಂದ ಒಬ್ಬ ಹುಡುಗ ತಂಬಿಗಿ ನೀರು ಹಾಕ್ಕೋತ, "ಹುಲ್ಲುಲ್ಲಿಗ್ಯೋ... ಚಲ್ಲಾಂಬ್ರಿಗ್ಯೋ..." ಅಂತ ಕೂಗು. ಬಾಜೂ ಹೊಲದಿಂದ ಅದೇ ಕೂಗು, ಅದರಾಚೆ ಹೊಲದಿಂದ ಅದೇ ಕೂಗು, ಕಣ್ಣು ಹಾಯೋ ತನಕ ಬಿಳಿಜ್ವಾಳದ ತೆನಿ, ನಡುನಡುವೆ ಕುಸುಬಿ, ಮನಷ್ಯಾರು ಕಾಣಂಗಿಲ್ಲ, ಬೆಳಿಯೊಳಗಿಂದ ಬರೇ ದನಿ ಏಳ್ತಾವ. ನಾನು ಹುಬ್ಬಳ್ಳಿ ಪ್ಯಾಟ್ಯಾಗ ಬೆಳದಾವ, ಚರಗದ ಹೆಸರಷ್ಟ ಗೊತ್ತಿತ್ತು. ಅಲ್ಲೇ ನಿಂತು ಕಣ್ಣಾಗ ನೀರು ಬಂತು, ಯಾಕ ಅಂತ ಹೇಳಾಕ ಬರಂಗಿಲ್ಲ.

ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಎಣ್ಣಿಗಾಯಿ, ಪುಂಡಿಪಲ್ಯ, ಗುರೆಳ್ಳು ಚಟ್ನಿ, ಕರಿಗಡಬು, ಶೇಂಗಾ ಹೋಳಗಿ, ಮೊಸರು ಬುತ್ತಿ. ಸಾಕು ಅಂದ್ರ ಕೇಳೋರಿಲ್ಲ. ಉಂಡು ಏಳೋದ್ರಾಗ ಅವರ ಮನಿ ಹುಡುಗ ಬಾಜೂ ಹೊಲದಾಗಿದ್ದ ಪಂಚರ್ ಅಂಗಡಿಯವರನ್ನ ಕರ್ಕೊಂಡು ಬಂದಿದ್ದ, ಅವ್ರು ಟಾವೆಲ್ಲಿಗೆ ಕೈ ಒರಸಿ ಬೈಕಿನ ಡಿಕ್ಕಿಯಿಂದ ಸೊಲ್ಯೂಷನ್ ತಗದು ಎರಡು ಪ್ಯಾಚ್ ಹಾಕಿದ್ರು. ರೊಕ್ಕಾ ಮುಟ್ಟಲಿಲ್ಲ. ಹೊರಡುವಾಗ ಆ ತಾಯಿ ಒಂದು ಸ್ಟೀಲ್ ಡಬ್ಬಿ ತುಂಬ ಹೋಳಗಿ ಕೊಟ್ಟು ಕ್ಯಾರಿಯರಿಗೆ ತಾನ ಕಟ್ಟಿದ್ಲು. ಅವ್ವಾರ, ನಾವು ಈ ದಾರಿಗೆ ವಾಪಸ್ ಬರಂಗಿಲ್ಲ, ಡಬ್ಬಿ ಹೆಂಗ ಕೊಡಬೇಕು ಅಂದ್ರ "ಬರತೀರಿ ತಗೋರಿ" ಅಂದ್ಲು.

ಲಕ್ಷ್ಮೇಶ್ವರ ಮುಟ್ಟಿದಾಗ ಸೋಮೇಶ್ವರ ಗುಡಿ ಅಂಗಳದಾಗ ಇಳಿಬಿಸಲು. ಇದೇ ಹಳೇ ಪುಲಿಗೆರೆ, ಪಂಪ ತನ್ನ ಕಾವ್ಯ ಪುಲಿಗೆರೆಯ ತಿರುಳ್ಗನ್ನಡ ಅಂದಿದ್ದು ಈ ಊರಿನ ಮಾತಿಗೆ. ಅವತ್ತ ಇಡೀ ದಿನಾ ಅದೇ ಸೀಮಿ ಮಾತು ಕೇಳಿದ್ದೆ, ಚಕ್ಕಡ್ಯಾಗ ಕುಂತು.

ನಾಲ್ಕನೇ ದಿನ

ಸವಣೂರಿಗೆ ಹೋದ್ರ ಎಲ್ಲಾರೂ ಖಾರ ಕಟ್ಟಿಸ್ಕೋತಾರ, ವೀಳ್ಯದೆಲಿ ಒಯ್ತಾರ. ನಾವು ಮೊದಲ ದೊಡ್ಡಹುಣಸಿ ಮರ ಕೇಳ್ಕೊಂಡು ಕಲ್ಮಠಕ್ಕ ಹೋದ್ವಿ. ಹೆಸರು ಹುಣಸಿ, ಆದ್ರ ಹುಣಸಿ ಅಲ್ಲ, ಆಫ್ರಿಕಾದ ಬಾವೋಬಾಬ್, ಕಾಯಿಯೊಳಗಿನ ತಿರುಳು ಹುಳಿ ಅಂತ ಹುಣಸಿ ಅಂದಾರ. ಬುಡ ಅಂದ್ರ ಬುಡ ಅಲ್ಲ ಅದು, ಆನಿ ಚರ್ಮದಂಥಾ ತೊಗಟಿ, ಮಡಿಕಿ ಮಡಿಕಿ, ಒಳಗ ನೀರು ತುಂಬಿಟ್ಕೋತೈತಿ, ಅದಕ್ಕ ಹಂಗ ಉಬ್ಬಿರ್ತೈತಿ. ಮ್ಯಾಲೆ ಟೊಂಗಿ ಮಾತ್ರ ಬೇರಿನಂಗ, ಗಿಡಾ ಕಿತ್ತು ಉಲ್ಟಾ ನೆಟ್ಟಂಗ ಕಾಣ್ತೈತಿ. ಶ್ರೀಕೃಷ್ಣ ತಂದು ನೆಟ್ಟ ಅಂತ ಹೇಳೋರು ಅದಾರ, ಸಮುದ್ರ ದಾಟಿ ವ್ಯಾಪಾರಕ್ಕ ಬಂದವರ ಕೈಯಾಗ ಬೀಜ ಬಂದಿರಬೇಕು ಅನಸ್ತೈತಿ ನನಗ. ಬೇರಿಗೆ ತಾಗದಂಗ ಸ್ವಲ್ಪ ದೂರಿಂದ ಸೈಕಲ್ ತಳ್ಳಿ ಒಂದು ಮರ ಸುತ್ತಿದ್ವಿ. ಸೀಮೆಸುಣ್ಣದ ಗೆರಿ ಏಳು ಸಲ ಕೆಳಗ ಬಂತು. ಅಳಿಯ ಬುಡಕ್ಕ ಬೆನ್ನು ಹಚ್ಚಿ ಎರಡೂ ಕೈ ಚಾಚಿ ನಿಂತ, ಫೋಟೊದಾಗ ಅವಾ ಗ್ವಾಡಿಗೆ ಕುಂತ ಹಲ್ಲಿ ಹಂಗ ಕಾಣ್ತಾನ.

ಮಧ್ಯಾಹ್ನ ಮ್ಯಾಲೆ ಬಂಕಾಪುರ ಕ್ವಾಟಿ. ಸೈಕಲ್ ಹೊರಗ ಬಿಟ್ಟು ಒಳಗ ಹೋದ್ರ ಕ್ವಾಟಿಯೊಳಗ ಕ್ವಾಟಿ ಇಲ್ಲ, ಹುಲ್ಲುಗಾವಲು, ಖಿಲಾರಿ ದನದ ಫಾರ್ಮು, ಎಲ್ಲಿ ನೋಡಿದ್ರೂ ನವಿಲು. ಹುಲ್ಲಿನಾಗ ಹತ್ತು, ಹಾಳ ಗೋಡಿ ಮ್ಯಾಲೆ ಎಂಟು, ಖಿಲಾರಿ ಹೋರಿ ಕಾಲಾಗ ಎರಡು. ಗಂಡಿನ ಉದ್ದನ್ನ ಗರಿ ಮಳಿಗಾಲ ಮುಗದ ಮ್ಯಾಲೆ ಉದುರಿ ಹೊಸಾವು ಬರಾಕತ್ತಿದ್ವು, ಅರ್ಧಂಬರ್ಧ. ನಡುವ ನಗರೇಶ್ವರ ಗುಡಿ, ಅರವತ್ತು ಕಂಬದ ಗುಡಿ ಅಂತಾರ. ಮೂರ್ತಿ ಇರಬೇಕಾದ ಗುಡಿಯೊಳಗ ಕಂಬಗಳ ನಡುವ ಒಂದು ನವಿಲು ನಿಧಾನಕ ಅಡ್ಡಾಡಾಕತ್ತಿತ್ತು, ನಯಸಾದ ಕಂಬದಾಗ ಅದರ ನೀಲಿ ನೆರಳು ಒಂದರಿಂದ ಇನ್ನೊಂದಕ್ಕ ಜಾರ್ತಿತ್ತು. ನಾವು ಹೊಸ್ತಿಲ ದಾಟಲಿಲ್ಲ.

ರಾತ್ರಿ ಶಿಗ್ಗಾಂವಿ, ಬೀಗರ ಮನಿ.

ಐದನೇ ದಿನ

ಗೊಟಗೋಡಿ ರಾಕ್ ಗಾರ್ಡನ್. ಹೈವೇ ಬಾಜೂಕ, ಕಲಾವಿದ ಸೊಲಬಕ್ಕನವರ ಕಟ್ಟಿದ್ದು, ಸಿಮೆಂಟಿನ ಮನಷ್ಯಾರು, ಸಿಮೆಂಟಿನ ದನಾ, ಸುಕ್ಕು ಬೆವರು ಸೀರಿ ನಿರಗಿ ಎಲ್ಲಾ ಖರೇ ಅಳತಿಯೊಳಗ. ಮೊದಲ ಬಂದಾಗ ಇದೇ ಅಚ್ಚರಿ ಆಗಿತ್ತು, ಜೀವ ಇದ್ದಂಗ ಅದಾವಲ್ಲ ಅಂತ. ಈ ಸಲ ನನಗ ಬ್ಯಾರೇ ಆತು. ಚಕ್ಕಡಿ ಕಂಡ್ರ ಮೊನ್ನೆ ಕುಂತ ಚಕ್ಕಡಿ ನೆನಪಾಗೋದು, ಕುರಿ ಕಂಡ್ರ ಜಾಳಗಿಯೊಳಗಿನ ಮರಿ. ಅಳಿಯ ಅಂತೂ ಒಂದು ಎತ್ತಿನ ಮುಂದ ನಿಂತು "ಮಾಮಾ, ಇದರ ಕೊರಳ ಗೆಜ್ಜಿ ಸಪ್ಪಳಾ ಹೆಂಗಿರ್ತೈತಿ ಅಂತ ನನಗ ಈಗ ಗೊತ್ತೈತಿ" ಅಂದ.

ಆಮ್ಯಾಲೆ ಹೈವೇ, ಲಾರಿ, ಧೂಳಾ, ಹುಬ್ಬಳ್ಳಿ. ಅದರ ಬಗ್ಗೆ ಹೇಳುವಂಥಾದ್ದು ಏನಿಲ್ಲ.

ಅಕ್ಕ ಬಾಗಲದಾಗ ನಿಂತಿದ್ಲು. ಮೊದಲ ಕಣ್ಣು ಹೋಗಿದ್ದು ಕ್ಯಾರಿಯರ್ ಮ್ಯಾಲಿನ ಡಬ್ಬಿಗೆ. "ಇದ್ಯಾರ ಮನೀದು?" ಹೆಸರು ಕೇಳಲಿಲ್ಲ ಅಂದೆ. ಡಬ್ಬಿ ಮುಚ್ಚಳದ ಮ್ಯಾಲೆ ಕೊರೆಸಿದ ಹೆಸರಿತ್ತು, ತಿಕ್ಕಿ ತಿಕ್ಕಿ ಅಳಿಸಿ ಹೋಗಿ ಕಡೀ ಎರಡು ಅಕ್ಷರ ಅಷ್ಟ ಉಳದಿದ್ವು, "ಅವ್ವ" ಅಂತ. ಅಕ್ಕ ಡಬ್ಬಿ ತೊಳದು ಬಿಸಲಿಗೆ ಇಟ್ಲು. ಖಾಲಿ ಡಬ್ಬಿ ಹೆಂಗ ಕೊಡಾಕ ಬರ್ತೈತಿ ಅಂತ ಮರುದಿನ ಕುಂತು ಬೇಸನ್ ಉಂಡಿ ಕಟ್ಟಿ ತುಂಬಿದ್ಲು, ಮ್ಯಾಲೊಂ‌ದು ಅರಿವಿ ಕಟ್ಟಿದ್ಲು. ಅಳಿಯ ಹೊಸಾ ಸೊಲ್ಯೂಷನ್ ಟ್ಯೂಬ್ ಎರಡು ತಂದಾನ. ಬರೋ ರವಿವಾರ ನಸುಕಿನ್ಯಾಗ ಹೊಂಡ್ತೀವಿ, ಬನ್ನಿಗಿಡದ ಗುರ್ತು ನನಗೈತಿ.